ಗಲ್ಲಾದ ಮೇಲಿನ ಮಾತು

ಡೊಂಬಿವಿಲಿ ಸ್ಟೇಷನ್ನಿನ ಪೂರ್ವಕ್ಕೆ ದೊಡ್ಡಪ್ಪನ ಹೋಟೆಲು. ಗಲ್ಲಾದ ಹಿಂದಿನ ಗೋಡೆಯಲ್ಲಿ, ದೇವರ ಪಟಕ್ಕಿಂತ ಒಂದು ಗೇಣು ಕೆಳಗೆ, ಕೆಂಪು ಪೇಂಟಿನಲ್ಲಿ ಮರಾಠಿಯ ಒಂದು ಸಾಲು: ಹಸಿದವನಿಗೆ ಮೊದಲು ಅನ್ನ, ಅಕ್ಷರ ಆಮೇಲೆ. ಅದರ ಕೆಳಗೆ ನೂರು ವರ್ಷದ ಹಿಂದಿನ ಒಬ್ಬ ಸಮಾಜ ಸುಧಾರಕರ ಹೆಸರು. ಇಡ್ಲಿ ತಿನ್ನಲು ಬಂದವರು ಓದಿ ತಲೆದೂಗುತ್ತಿದ್ದರು. ಹೋಟೆಲಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ದೊಡ್ಡಪ್ಪನಿಗೆ ಮಾತ್ರ ಅದು ಜಾಹೀರಾತಾಗಿರಲಿಲ್ಲ. ಉಡುಪಿ ಕಡೆಯ ಹಳ್ಳಿಯಲ್ಲಿ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಬಂದು, ಠಾಣೆಯ ಹೋಟೆಲೊಂದರಲ್ಲಿ ಟೇಬಲ್ ಒರೆಸಲು ಸೇರಿದವರು ಅವರು. ಎದುರಿಗೇ ರಾತ್ರಿ ಶಾಲೆ ಇತ್ತಂತೆ. ಮಾಲೀಕರೇ ಹೋಗು ಎಂದರೂ ಇವರು ಹೋಗಲಿಲ್ಲ. ಆ ಕೊರಗು ಎದೆಯಲ್ಲೇ ಇದ್ದಾಗ ಯಾರೋ ಗಿರಾಕಿಯ ಬಾಯಲ್ಲಿ ಈ ಮಾತು ಕೇಳಿ ಮನಸ್ಸು ಹಗುರಾಯಿತಂತೆ. "ಅಷ್ಟು ದೊಡ್ಡ ಮನುಷ್ಯರೇ ಹೇಳಿದ್ದಾರೆ ಅಂದ್ಮೇಲೆ ನಾನು ಮಾಡಿದ್ದು ತಪ್ಪಲ್ಲ, ಅಲ್ವಾ ಮಾರಾಯ್ತಿ?" ಎಂದು ನನ್ನನ್ನು ಆಗಾಗ ಕೇಳುತ್ತಿದ್ದರು. ಈ ಪ್ರಶ್ನೆಗೆ ಮನೆಯಲ್ಲಿ ಎಲ್ಲರೂ ಹೌದೆಂದು ಹೇಳಿ ಸಾಂಬಾರು ಬಡಿಸಿಕೊಳ್ಳುವುದು ರೂಢಿ.

ನಾನು ಆಗ ಠಾಣೆಯ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಸ್ಪರ್ಧೆಗಳಲ್ಲಿ ಎಲ್ಲರೂ ಮಹಾಪುರುಷರ ಮಾತಿನಿಂದಲೇ ಶುರುಮಾಡುತ್ತಿದ್ದರು. ಮೊದಲಿಗೆ ತೆಂಗಿನಕಾಯಿ ಒಡೆದ ಹಾಗೆ ಅದು. ನಾನು ಎದ್ದು ಕೇಳುತ್ತಿದ್ದೆ: ಎಲ್ಲಿ ಹೇಳಿದರು? ಯಾವಾಗ? ಬಹಳಷ್ಟು ಮಂದಿ ಅಲ್ಲೇ ಕುಸಿಯುತ್ತಿದ್ದರು. ಫೋನಿನ ಗ್ರೂಪುಗಳು ಬಂದ ಮೇಲಂತೂ ಸತ್ತವರೆಲ್ಲ ದಿನಾ ಬೆಳಿಗ್ಗೆ ಒಂದೊಂದು ಹೊಸ ಮಾತು ಹೇಳತೊಡಗಿದ್ದರು, ನನಗೆ ಹಬ್ಬ.

ಐರೋಲಿಯಲ್ಲಿ, ಐಟಿ ಪಾರ್ಕಿನ ಬಗಲಿಗೆ, ದೊಡ್ಡಪ್ಪ ಎರಡನೆಯ ಹೋಟೆಲು ತೆರೆಯಲು ಹೊರಟರು. ಬಾಗಿಲ ಮೇಲೆ ಆ ಸಾಲನ್ನು ಗ್ರಾನೈಟಿನಲ್ಲಿ ಕೆತ್ತಿಸಬೇಕೆಂದು ಅವರ ಆಸೆ.

"ಕಲ್ಲಲ್ಲಿ ಕೆತ್ತುವುದು. ಒಂದಕ್ಷರ ಆಚೆ ಈಚೆ ಆಗ್ಬಾರ್ದು. ನೀನು ಪುಸ್ತಕ ನೋಡಿ ಬರ್ಕೊಂಡು ಬಾ," ಎಂದರು.

"ಪುಸ್ತಕದಲ್ಲಿ ಇಲ್ದಿದ್ರೆ?"

"ಇಲ್ದೆ ಎಲ್ಲಿಗೆ ಹೋಗ್ತದೆ? ನಿನ್ನ ಹಾಗೆ ಊರೂರು ತಿರುಗ್ತದಾ ಅದು?"

ದೊಡ್ಡಮ್ಮ ಅಡುಗೆಮನೆಯಿಂದಲೇ ಹೇಳಿದರು: "ಇವಳನ್ನು ಕಳಿಸ್ತೀರಾ? ಗಣಪತಿ ಹತ್ರ ಸೊಂಡಿಲಿಗೆ ಸಾಕ್ಷಿ ಕೇಳುವವಳು ಇವಳು!"

ಠಾಣೆಯ ಹಳೆಯ ಮರಾಠಿ ಗ್ರಂಥಾಲಯಕ್ಕೆ ನಾನು ಹೋದದ್ದು ಮಾತು ಸುಳ್ಳೆಂದು ತೋರಿಸುವ ಹುಮ್ಮಸ್ಸಿನಲ್ಲಿ. ಆ ಸುಧಾರಕರ ಭಾಷಣಗಳ ಸಂಪುಟ ಸಿಕ್ಕಿತು. ಹುಡುಕುತ್ತಾ ಹೋದರೆ ಸಾಲೂ ಸಿಕ್ಕಿತು! ಅಕ್ಷರ ಅಕ್ಷರವೂ ಅದೇ, ಪುಟದ ಕಟ್ಟಕಡೆಯಲ್ಲಿ. ಸೋತೆನೆಂದುಕೊಂಡು ಸುಮ್ಮನೆ ಪುಟ ತಿರುಗಿಸಿದೆ.

ಮುಂದಿನ ಪುಟದ ಮೊದಲ ಪದ: ಆದರೆ.

ಅದು ಕೂಲಿಕಾರರಿಗಾಗಿ ರಾತ್ರಿ ಶಾಲೆಯೊಂದನ್ನು ತೆರೆದಾಗ ಮಾಡಿದ ಭಾಷಣ. ನಮ್ಮ ಗೋಡೆಯ ಮೇಲಿದ್ದುದು ಅವರ ಮಾತೇ ಅಲ್ಲ, ಶಾಲೆ ಬೇಡ ಎನ್ನುತ್ತಿದ್ದವರ ಮಾತು. ಉತ್ತರ ಹೇಳುವ ಮೊದಲು ಎದುರು ಪಕ್ಷವನ್ನು ಮುಂದಿಟ್ಟಿದ್ದರು. ನಮ್ಮ ಹಿಂದಿನವರು ಪೂರ್ವಪಕ್ಷ ಎನ್ನುತ್ತಿದ್ದರಲ್ಲ, ಅದು. ಎದುರಾಳಿಯ ವಾದವನ್ನು ಆದಷ್ಟು ಬಡಕಲು ಮಾಡಿ ನಿಲ್ಲಿಸು, ಒಂದೇ ಏಟಿಗೆ ಬೀಳಿಸು ಎಂದು ಚರ್ಚಾ ತಂಡದಲ್ಲಿ ನಮಗೆ ಕಲಿಸಿದ್ದರು. ಇವರು ಅದಕ್ಕೆ ಉಣಿಸಿ, ಉಡಿಸಿ, ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ದುಡಿದು ಬಂದವನ ಬೆನ್ನು ನೋವು, ಮಗನ ಸಂಪಾದನೆಗೆ ಕಾದ ತಾಯಿಯ ಒಲೆ, ಪಾಠದ ನಡುವೆ ತೂಕಡಿಸುವ ತಲೆ, ಎಲ್ಲವನ್ನೂ ಹೇಳಿ ಆ ಸಾಲಿಗೆ ಬಂದಿದ್ದರು. ಶಾಲೆ ಬೇಡವೆಂದವರಲ್ಲಿ ಒಬ್ಬರೂ ಅಷ್ಟು ಚೆನ್ನಾಗಿ ಹೇಳಿರಲಾರರು. ಅದಕ್ಕೇ ತಾನೆ ಜನ ಅದನ್ನು ಅವರದೇ ಮಾತೆಂದು ಇಷ್ಟು ಕಾಲ ತಲೆಯ ಮೇಲೆ ಹೊತ್ತದ್ದು! ನಾನು ಚರ್ಚೆಗಳಲ್ಲಿ ಗೆದ್ದ ಕಪ್ಪುಗಳೆಲ್ಲ ಪಾತ್ರೆ ಅಂಗಡಿಯ ಸಾಮಾನಿನಂತೆ ಕಂಡವು. ಅವರ ಉತ್ತರವೋ, ಒಂದೇ ಸಾಲು: ಅಕ್ಷರವನ್ನು ಮುಂದೂಡಿದವನ ಅನ್ನ ಯಾವತ್ತೂ ಇನ್ನೊಬ್ಬನ ಸೌಟಿನಲ್ಲಿರುತ್ತದೆ.

ಪುಸ್ತಕವನ್ನು ಎದೆಗವಚಿಕೊಂಡು ಗಾಡಿ ಹತ್ತಿದೆ. ದಿವಾ ಸ್ಟೇಷನ್ನಿನಲ್ಲಿ ಇಳಿಯುವವರ ನೂಕಾಟದ ನಡುವೆ ಒಂದು ಆಲೋಚನೆ ಬಂತು: ಸಾಲು ಪುಸ್ತಕದಲ್ಲಿದೆ ಎಂದಷ್ಟೇ ಹೇಳಿದರೆ ಸುಳ್ಳೇನಲ್ಲವಲ್ಲ? ದೊಡ್ಡಪ್ಪನ ಜೀವಮಾನದ ಸಮಾಧಾನ ಉಳಿಯುತ್ತದೆ. ಆದರೆ ಎಲ್ಲಿ, ಯಾವಾಗ ಎಂದು ಊರನ್ನೆಲ್ಲ ಕೇಳಿದ ನಾಲಗೆ ಮನೆಗೆ ಬಂದು ಮಡಚಿಕೊಂಡರೆ ಹೇಗೆ? ಅದಕ್ಕಿಂತ ಹೆಚ್ಚಾಗಿ, ಅಂಥದ್ದನ್ನು ಓದಿ ಒಬ್ಬಳೇ ಇಟ್ಟುಕೊಳ್ಳಲು ನನ್ನಿಂದಾಗುತ್ತಿರಲಿಲ್ಲ.

ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಪುಸ್ತಕವನ್ನು ಗಲ್ಲಾದ ಮೇಲೆ ಬಿಚ್ಚಿಟ್ಟೆ. ದೊಡ್ಡಪ್ಪ ಬೆರಳಿಟ್ಟು ಓದಿದರು. ತಮ್ಮ ಸಾಲು ಬಂದಾಗ ನನ್ನತ್ತ ನೋಡಿ ನಕ್ಕರು. ನಾನು ಪುಟ ತಿರುಗಿಸಿದೆ. ನಗು ನಿಂತಿತು. ಇಬ್ಬರು ಗಿರಾಕಿಗಳು ಬಿಲ್ ಹಿಡಿದು ಎದುರಿಗೆ ನಿಂತರೂ ತಲೆ ಎತ್ತಲಿಲ್ಲ.

"ಇದು ಅವರ ಮಾತಲ್ಲ," ಎಂದರು ಕೊನೆಗೆ. "ನನ್ನದು."

ಅವರು ಹಿಂದಿನ ಪುಟಕ್ಕೆ ಮರಳಿ, ಮತ್ತೆ ಮೊದಲಿನಿಂದ ಓದಿದರು.

"ನಾನು ಹುಟ್ಟುವ ಮುಂಚೆಯೇ ನಾನು ಎಂತ ಹೇಳ್ತೇನೆ ಅಂತ ಇವರಿಗೆ ಗೊತ್ತಿತ್ತಾ? ನನಗೇ ಇಷ್ಟು ಚಂದ ಹೇಳ್ಲಿಕ್ಕೆ ಬರ್ತಿರ್ಲಿಲ್ಲ ಮಾರಾಯ್ತಿ. ನೋಡು, ಒಂದು ಬೈಗುಳ ಇಲ್ಲ. ಪೂರ್ತಿ ಕೇಳಿಸ್ಕೊಂಡು, ಆಮೇಲೆ ಅಲ್ಲ ಅಂದಿದ್ದಾರೆ." ಬೆರಳು ಇನ್ನೂ ಆ ಪುಟದ ಮೇಲೇ ಇತ್ತು. "ನನ್ನ ಮಾತನ್ನು ಇಷ್ಟು ಕೇಳಿಸ್ಕೊಂಡವರು ಇಲ್ಲಿ ಯಾರಿದ್ದಾರೆ?"

ಗಿರಾಕಿಗಳ ಬಿಲ್ ತೆಗೆದುಕೊಂಡು ಕಳಿಸಿದ ಮೇಲೆ ಹೇಳಿದರು: "ಕಲ್ಲಿಗೆ ಉತ್ತರ ಹಾಕುವಾ."

ದೊಡ್ಡಮ್ಮನಿಗೆ ಗೊತ್ತಾದಾಗ ಹಣೆ ಚಚ್ಚಿಕೊಂಡರು. "ಹೋಟ್ಲಿನ ಬಾಗಿಲಲ್ಲೇ ಇನ್ನೊಬ್ಬರ ಸೌಟನ್ನು ನಂಬ್ಬೇಡಿ ಅಂತ ಕೆತ್ತಿಸುವವರು ಲೋಕದಲ್ಲಿ ನೀವೊಬ್ರೇ!"

ದೊಡ್ಡಪ್ಪ ಕೇಳಲಿಲ್ಲ. ಸ್ಟೂಲು ಹತ್ತಿ ಬ್ಲೇಡಿನಿಂದ ಗೋಡೆಯ ಮೇಲಿನ ಹೆಸರನ್ನು ತಾವೇ ಕೆರೆದು ತೆಗೆದರು. ಸಾಲನ್ನು ಮುಟ್ಟಲಿಲ್ಲ. "ಅದಿರಲಿ. ನನ್ನದಲ್ವಾ," ಎಂದರು.

ಹಾಗಾಗಿ ಪೂರ್ವಪಕ್ಷ ಡೊಂಬಿವಿಲಿಯಲ್ಲಿದೆ, ಉತ್ತರ ಐರೋಲಿಯಲ್ಲಿ, ಹೆಸರಿನ ಸಮೇತ. ಪುಟ ತಿರುಗಿಸಬೇಕೆನ್ನುವವರು ಠಾಣೆಯಲ್ಲಿ ಗಾಡಿ ಬದಲಿಸಬೇಕು.