ಚೆನ್ನಾಜಮ್ಮನ ಹತ್ತು ವಾಕ್ಯಗಳು

ಚೆನ್ನಾಜಮ್ಮ, ನಿನ್ನ ಹತ್ತು ವಾಕ್ಯಗಳೂ ಸರಿಯಾಗಿದ್ದವು. ತಪ್ಪು ಎಂದು ಹತ್ತಕ್ಕೂ ಕೆಂಪು ಶಾಯಿಯ ಗೀಟು ಎಳೆದವನು ನಾನು — ನಂಜನಗೂಡಿನ ಹೈಸ್ಕೂಲಿನಲ್ಲಿ ನಿನಗೆ ಇಂಗ್ಲಿಷ್ ಹೇಳಿಕೊಟ್ಟ ಮೇಷ್ಟ್ರು. ಗೀಟು ಎಳೆಯುವಾಗ ಅವು ಸರಿಯೋ ತಪ್ಪೋ ನನಗೆ ಗೊತ್ತೇ ಇರಲಿಲ್ಲ. ಇಷ್ಟು ಹೇಳಲು ಹದಿನೆಂಟು ವರ್ಷ ತೆಗೆದುಕೊಂಡೆ.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದನ್ನೂ ಬರೆದೇಬಿಡುತ್ತೇನೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ನಾನೊಬ್ಬ ಚರಿತ್ರೆ ಓದಿ ಬಿ.ಎ. ಮಾಡಿಕೊಂಡೆ. ಶಾಲೆಯಲ್ಲಿ ಇಂಗ್ಲಿಷಿನ ಜಾಗ ಖಾಲಿ ಬಿದ್ದಿತ್ತು, ಹೆಡ್‌ಮಾಸ್ಟರು ನನ್ನನ್ನು ಅಲ್ಲಿಗೆ ನೂಕಿದರು. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಇಂಗ್ಲಿಷ್ ಮೇಷ್ಟ್ರು ಅಂದರೆ ಊರಿನಲ್ಲಿ ಅದರ ಗತ್ತೇ ಬೇರೆ — ಹೋಟೆಲಿನಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿ ನಾನು. ಮೈಸೂರಿನಿಂದ ಒಂದು ಗೈಡು ತಂದು, ಹೊದಿಕೆ ಕಿತ್ತು, ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡು ಪಾಠ ಮಾಡುತ್ತಿದ್ದೆ.

ನುಡಿಗಟ್ಟುಗಳಿಗೆ ಹತ್ತು ನಂಬರು ಇರುತ್ತಿತ್ತು. ಹತ್ತು ಇಂಗ್ಲಿಷ್ ನುಡಿಗಟ್ಟು ಕೊಟ್ಟು, ಒಂದೊಂದನ್ನೂ ವಾಕ್ಯದಲ್ಲಿ ಬಳಸಿ ಅನ್ನುವ ಪ್ರಶ್ನೆ. ನಾನು ಗೈಡಿನ ವಾಕ್ಯಗಳನ್ನು ಹೇಳಿ ಬರೆಸುತ್ತಿದ್ದೆ, ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು. ಜಾನ್ ಅನ್ನುವವನೊಬ್ಬ, ಅವನ ಚಿಕ್ಕಮ್ಮ, ಅವನ ಕೊಡೆ — ನಲವತ್ತು ಮಕ್ಕಳ ಉತ್ತರಪತ್ರಿಕೆಯಲ್ಲೂ ಅದೇ ಜಾನ್. ಗೈಡು ಪಕ್ಕಕ್ಕಿಟ್ಟುಕೊಂಡು ಹೋಲಿಸಿ ನೋಡಿದರೆ ನನ್ನ ತಿದ್ದುವ ಕೆಲಸ ಮುಗಿಯಿತು. ಯಾವ ಮಗುವಾದರೂ ಬೇರೆ ಬರೆದೀತು ಎಂಬ ಹೆದರಿಕೆ ನನಗಿರಲಿಲ್ಲ.

ನೀನು ಬರೆದೆ. ಆ ವರ್ಷ ನಿಮ್ಮವ್ವನಿಗೆ ಹುಷಾರಿಲ್ಲದೆ ನೀನು ಮೂರು ವಾರ ದೇವನೂರಿನಿಂದ ಬಸ್ಸು ಹತ್ತಲಿಲ್ಲ. ನಾನು ನೋಟ್ಸ್ ಬರೆಸಿದ್ದು ಆ ಮೂರು ವಾರದಲ್ಲೇ. ಆಮೇಲೆ ನೀನು ಗೆಳತಿಯ ಪುಸ್ತಕ ನೋಡಿ ಬಸ್ಸಿನಲ್ಲಿ ಕೂತು ನುಡಿಗಟ್ಟು, ಅದರ ಅರ್ಥ ಇಷ್ಟನ್ನೇ ಒಂದು ಹಾಳೆಗೆ ಇಳಿಸಿಕೊಂಡಿದ್ದೆ. ವಾಕ್ಯಗಳನ್ನು ಬರೆದುಕೊಳ್ಳಲು ಹೊತ್ತು ಸಿಗಲಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ನೀನೇ ಮಾಡಿದೆ.

ಅದು ಸೆಲೆಕ್ಷನ್ ಪರೀಕ್ಷೆ. ಅದರಲ್ಲಿ ಪಾಸಾದವರನ್ನು ಮಾತ್ರ ಎಸ್ಸೆಸ್ಸೆಲ್ಸಿಗೆ ಕಳಿಸುವುದು, ಉಳಿದವರನ್ನು ತಡೆಹಿಡಿಯುವುದು, ಶಾಲೆಯ ರಿಸಲ್ಟು ಕೆಡಬಾರದಲ್ಲ. ನಿನಗೆ ಅದರ ಮೇಲೆ ಏನೆಲ್ಲ ನಿಂತಿತ್ತು ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಎಸ್ಸೆಸ್ಸೆಲ್ಸಿ ಆದರೆ ಟೀಚರ್ ಟ್ರೈನಿಂಗ್, ಆಗದಿದ್ದರೆ ತಿರುಮಕೂಡಲು ನರಸೀಪುರದ ಸೋದರಮಾವನ ಮನೆಗೆ ಸೊಸೆ — ನಿಮ್ಮಪ್ಪ ಶಾಲೆಯ ಜಗಲಿಯಲ್ಲಿ ನಿಂತು ನನಗೇ ಹೇಳಿದ್ದರು.

ನಿನ್ನ ವಾಕ್ಯಗಳು ನನಗೆ ಈಗಲೂ ಬಾಯಿಪಾಠ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ಬಹಳ ಅಪರೂಪಕ್ಕೆ. ದೇವನೂರಿನ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದು ಹಾಗೆ ಎಂದು ಬರೆದೆ. 'ವೈಟ್ ಎಲಿಫೆಂಟ್' ಅಂದರೆ ಸಾಕಲು ಭಾರವಾಗಿ ಕೆಲಸಕ್ಕೆ ಬಾರದ್ದು. ಅಪ್ಪ ತಂದ ಪಂಪ್‌ಸೆಟ್ಟು ಕರೆಂಟಿಲ್ಲದೆ ಹಾಗಾಗಿದೆ ಎಂದು ಬರೆದೆ. 'ಮೇಕ್ ಬೋತ್ ಎಂಡ್ಸ್ ಮೀಟ್', ಇದ್ದುದರಲ್ಲೇ ಸಂಸಾರ ತೂಗಿಸುವುದು: ನಿಮ್ಮವ್ವ, ಎರಡು ಎಮ್ಮೆ. 'ಟರ್ನ್ ಎ ಡೆಫ್ ಇಯರ್', ಕೇಳಿಸಿದರೂ ಕೇಳಿಸದ ಹಾಗಿರುವುದು: ನೀನು ಓದಬೇಕು ಅಂದಾಗ ನಿಮ್ಮಜ್ಜಿ. ಜಾನ್ ಎಲ್ಲೂ ಇರಲಿಲ್ಲ.

ನಾನು ಗೈಡು ತಿರುವಿದೆ. ಇನ್ನೊಮ್ಮೆ ತಿರುವಿದೆ. ಎಮ್ಮೆ, ಪಂಪ್‌ಸೆಟ್ಟು ಇಂಗ್ಲಿಷಿನ ನುಡಿಗಟ್ಟಿನೊಳಗೆ ಬರಬಹುದೋ ಇಲ್ಲವೋ — ಯಾರನ್ನು ಕೇಳಲಿ? ಕೇಳಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಸರಿ ಎಂದು ನಂಬರು ಕೊಟ್ಟು, ಆಮೇಲೆ ಯಾರಾದರೂ ತಪ್ಪು ಅಂದರೆ? ತಪ್ಪು ಅಂದುಬಿಟ್ಟರೆ ಕೇಳುವವರು ಯಾರೂ ಇಲ್ಲ. ಹತ್ತಕ್ಕೂ ಗೀಟು ಎಳೆದೆ. ನೂರಕ್ಕೆ ಮೂವತ್ತೊಂದು ಬಂತು. ಮೂವತ್ತೈದು ಬೇಕಿತ್ತು.

ಹೆಡ್‌ಮಾಸ್ಟರು ಒಳ್ಳೆಯವರು. "ನಾಲ್ಕೇ ನಂಬರು ಕಣ್ರೀ, ಓದೋ ಹುಡುಗಿ. ಎಲ್ಲಾದರೂ ಸಿಗುತ್ತಾ ನೋಡಿ" ಅಂದರು. ನೋಡುವ ನಟನೆ ಮಾಡಿ, ಸಿಗೋದಿಲ್ಲ ಸಾರ್ ಅಂದೆ.

ನೀನು ಪತ್ರಿಕೆ ಹಿಡಿದುಕೊಂಡು ಬಂದೆ. ಅಳುತ್ತಿರಲಿಲ್ಲ. "ಅರ್ತ ಸರಿಯಾಗೇ ಅದಲ್ಲ ಸಾ. ಏನ್ ತಪ್ಪಾಗದೆ ಒಸಿ ಯೋಳಿ ಸಾ, ತಿದ್ಕತೀನಿ" ಅಂದೆ. ಸ್ಟಾಫ್ ರೂಮಿನಲ್ಲಿ ಇನ್ನೂ ಮೂವರು ಮೇಷ್ಟ್ರುಗಳಿದ್ದರು. ನನ್ನ ಹೆದರಿಕೆ ಸಿಟ್ಟಾಗಿ ಹೊರಗೆ ಬಂತು.

"ನೋಟ್ಸ್‌ನಲ್ಲಿ ಎಲ್ಲಿದೆಯಮ್ಮ ಇದು? ಇಂಗ್ಲಿಷೇನು ನಿಮ್ಮಪ್ಪನ ಹೊಲವೇ, ಕೈಗೆ ಸಿಕ್ಕಿದ್ದು ಬಿತ್ತೋದಕ್ಕೆ?"

ಮೇಷ್ಟ್ರುಗಳು ನಕ್ಕರು. ನೀನು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೋದೆ. ಅದನ್ನು ನಾನು ಮನೆಗೆ ತಂದೆ, ಯಾಕೆ ಅಂತ — ಗೊತ್ತಿಲ್ಲ. ನಿಮ್ಮಪ್ಪ ಬಂದಾಗ, ಇನ್ನೊಂದು ವರ್ಷ ಓದಿಸಿ ಅಂದೆ. "ನಪಾಸಾದೋಳ್ನ ಇನ್ನೆಷ್ಟು ದಿನ ಬಸ್ ಅತ್ತಿಸ್ಲಿ ಸ್ವಾಮಿ" ಅಂದರು. ಆ ಬೇಸಿಗೆಯಲ್ಲೇ ನಿನ್ನ ಮದುವೆಯಾಯಿತು.

ಇಲ್ಲಿಗೆ ನಿಂತಿದ್ದರೆ ನನ್ನದು ಹೇಡಿತನ ಮಾತ್ರ. ನಿಲ್ಲಲಿಲ್ಲ. ಅದೇ ರಜೆಯಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಇತ್ತು. ನಿನ್ನ ವಾಕ್ಯಗಳು ಮನಸ್ಸಿನಲ್ಲಿ ಕೊರೆಯುತ್ತಲೇ ಇದ್ದವು. ಬೇರೆ ಹಾಳೆಗೆ ಬರೆದುಕೊಂಡು ಹೋಗಿ ಅಲ್ಲಿನ ಲೆಕ್ಚರರಿಗೆ ತೋರಿಸಿದೆ. ಬಸ್ಸಿನದ್ದು ಓದಿ ಅವರು ಜೋರಾಗಿ ನಕ್ಕರು. "ಹತ್ತೂ ಸರಿಯಾಗಿವೆ. ಇದು ಗೈಡ್ ಇಂಗ್ಲಿಷ್ ಅಲ್ಲ ಕಣ್ರೀ, ಬದುಕಿರೋ ಇಂಗ್ಲಿಷು. ಯಾರು ಬರೆದದ್ದು?"

ನಾನು — ಈ ಸಾಲು ಬರೆಯಲು ಕೈ ಬರುತ್ತಿಲ್ಲ — "ನಾನೇ ಸಾರ್" ಅಂದೆ.

ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ಓದಿಸಿದರು. ಚಪ್ಪಾಳೆ ಬಿತ್ತು. ನಿನ್ನ ಮದುವೆಯ ಹಸಿರು ಬಳೆ ಇನ್ನೂ ಹಳತಾಗಿರಲಿಲ್ಲ, ಆಗ ನನಗೆ ಚಪ್ಪಾಳೆ. ಊರಿಗೆ ಬಂದು ಗೈಡು ಎಸೆದೆ. ಮುಂದಿನ ವರ್ಷದಿಂದ ಆ ಹತ್ತು ವಾಕ್ಯಗಳೇ ನನ್ನ ನೋಟ್ಸ್ ಆದವು. ದೇವನೂರು ಅನ್ನುವುದನ್ನು ತೆಗೆದು 'ನಮ್ಮೂರು' ಮಾಡಿಕೊಂಡೆ, ಅಷ್ಟೇ. ವರ್ಷ ವರ್ಷವೂ ಹೇಳಿ ಹೇಳಿ, ಅವು ನನ್ನವಲ್ಲ ಎನ್ನುವುದೇ ಮರೆತುಹೋಗಿತ್ತು. ಮನುಷ್ಯನಿಗೆ ಹಾಗೆ ಮರೆಯಲು ಬರುತ್ತದೆ.

ಎಂಬತ್ನಾಲ್ಕರಲ್ಲಿ ನನಗೆ ನರಸೀಪುರಕ್ಕೆ ವರ್ಗವಾಯಿತು. ಎರಡು ವರ್ಷದ ಮೇಲೆ ನೀನು ನಿನ್ನ ಮಗಳು ಮಂಜುಳಳನ್ನು ಎಂಟನೇ ಕ್ಲಾಸಿಗೆ ಸೇರಿಸಲು ಬಂದೆ. ನನ್ನನ್ನು ನೋಡಿದೊಡನೆ ಕೈ ಮುಗಿದೆ. ಬೈಯುತ್ತೀಯ ಎಂದುಕೊಂಡಿದ್ದೆ. ನೀನು ಅಂದದ್ದು: "ನೀವೇ ಇದ್ದೀರಲ್ಲ ಸಾ, ನಂಗೆ ಧೈರ್ಯ ಬಂತು. ನೋಟ್ಸಲ್ಲಿರದ್ನೇ ಬರೀ ಅಂತ ಇವಳ್ಗೆ ಯೋಳಿವ್ನಿ. ನನ್ನಂಗೆ ಸ್ವಂತ ಬರಿಯಕ್ಕೋಗಿ ಆಳಾಗ್ಬ್ಯಾಡ ಅಂತ."

ಆಗಲೇ ಹೇಳಬಹುದಿತ್ತು. ಆಫೀಸಿನಲ್ಲಿ ಗುಮಾಸ್ತರಿದ್ದರು, ಮಗಳಿದ್ದಳು, ನನ್ನ ಮಾನವೂ ಇತ್ತು. "ಹೌದಮ್ಮ, ಅದೇ ಒಳ್ಳೇದು" ಅಂದೆ.

ಮಂಜುಳ ಹತ್ತನೇ ಕ್ಲಾಸಿಗೆ ಬಂದಳು. ನುಡಿಗಟ್ಟಿನ ನೋಟ್ಸ್ ಬರೆಸಿದೆ, ಎಂದಿನ ಹಾಗೆ. ಮಾರನೆಯ ದಿನ ಅವಳು ಎದ್ದು ನಿಂತಳು.

"ಸಾ, ನಮ್ಮವ್ವ ಈ ವಾಕ್ಯ ಬರೀಬ್ಯಾಡ ಅಂತದೆ. ಇವೆಲ್ಲ ತಪ್ಪಂತೆ. ಸರಿಯಾ ಅಂತ ನಿಮ್ಮನ್ನೇ ಕೇಳ್ಕಂಡ್ ಬಾ ಅಂತು."

ಮಕ್ಕಳು ಕಿಸಕ್ಕೆಂದರು, ಮೇಷ್ಟ್ರಿಗೆ ತಪ್ಪು ಹೇಳುವ ಅವ್ವ ಯಾರಪ್ಪ ಅಂತ. ನಿನಗೆ ಹತ್ತೂ ನೆನಪಿದ್ದವು, ಚೆನ್ನಾಜಮ್ಮ. ನನ್ನ ಗೀಟೂ ನೆನಪಿತ್ತು, ಅದನ್ನು ನೀನು ಅಷ್ಟು ವರ್ಷವೂ ನಂಬಿಕೊಂಡೇ ಇದ್ದೆ. 'ಇವು ನಿಮ್ಮವ್ವನವು' ಎಂಬ ಮಾತು ಬಾಯಿಯವರೆಗೂ ಬಂತು. "ಸರಿಯಾಗಿವೆ ಅಂತ ಹೇಳಮ್ಮ" ಎಂದಷ್ಟೇ ಹೇಳಿ ಕಪ್ಪುಹಲಗೆಯ ಕಡೆ ತಿರುಗಿಕೊಂಡೆ.

ಮಾರನೆಯ ದಿನ ನಾನೇ ಅವಳನ್ನು ಕರೆದು ಕೇಳಿದೆ, ಅವ್ವ ಏನಂದರು ಎಂದು.

"ಏನೂ ಅನ್ನಿಲ್ಲ ಸಾ. ನನ್ ನೋಟ್ಸ್ ಇಸ್ಕಂಡು ಅತ್ತೂ ವಾಕ್ಯನೂ ಒಂದ್ಸಲ ಓದ್ತು. 'ಅಂಗಾರೆ ಸರಿಯಾಗೇ ಇದ್ವಾ' ಅಂತು. ಆಮ್ಯಾಕೆ ಎಮ್ಮೆ ಕಟ್ಟಕೆ ಎದ್ದೋಯ್ತು."

ಅದಾದ ಮೇಲೆ ನೀನು ಶಾಲೆಯ ಕಡೆ ಬರಲಿಲ್ಲ. ಸಂತೆಯಲ್ಲಿ ಎದುರಾದರೂ ಕೈ ಮುಗಿಯಲಿಲ್ಲ, ಮುಖ ತಿರುಗಿಸಲೂ ಇಲ್ಲ. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ ನಡೆದೆ. ಈಗ ನಾನು ರಿಟೈರಾಗಿ ನಂಜನಗೂಡಿನ ಮನೆಯಲ್ಲಿದ್ದೇನೆ. ನಿನ್ನ ಉತ್ತರಪತ್ರಿಕೆಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಗೀಟುಗಳನ್ನು ಉಜ್ಜಿ ತೆಗೆಯಲು ಹೋದೆ, ಹಾಳೆ ಹಳೆಯದು, ಹರಿಯತೊಡಗಿತು, ಬಿಟ್ಟೆ. ಮೂವತ್ತೊಂದನ್ನು ಹೊಡೆದು ನಲವತ್ತೊಂದು ಎಂದು ಬರೆದು, ಕೆಳಗೆ ಸಹಿ ಮಾಡಿದ್ದೇನೆ. ಈ ನಂಬರನ್ನು ತೆಗೆದುಕೊಳ್ಳುವ ಆಫೀಸು ಇನ್ನು ಯಾವುದೂ ಇಲ್ಲ.