ನಾಲ್ಕು ಗಿಡ, ಒಂದು ಗೆಡ್ಡೆ

ನಾನು ನಿಂತಿದ್ದದ್ದು ಜರಗನಹಳ್ಳಿಯಲ್ಲಿ, ಸಾರಕ್ಕಿ ಕೆರೆಯ ಕಡೆಗೆ ಹೋಗುವ ಕೊನೆಯ ಅಡ್ಡರಸ್ತೆಯ ಎಡಕ್ಕಿದ್ದ ಖಾಲಿ ಸೈಟಿನ ಹಿಂದಿನ ಮೂಲೆಯಲ್ಲಿ, ಕಾಂಪೌಂಡ್ ಗೋಡೆಯಿಂದ ಎರಡು ಹೆಜ್ಜೆ ಈಚೆಗೆ. ಗಣೇಶನ ಹಬ್ಬ ಕಳೆದ ಆರನೆಯ ದಿನ, ಮಂಗಳವಾರ, ಬೆಳಿಗ್ಗೆ ಏಳೂ ಇಪ್ಪತ್ತು. ಹಿಂದಿನ ಸಂಜೆ ಮಳೆ ಬಂದಿತ್ತು. ಆ ಹೊತ್ತಿಗೆ ನಿಂತಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮುಂದೆ ಎಲ್ಲೆಲ್ಲಿ ಖಚಿತವಿಲ್ಲವೋ ಅಲ್ಲಲ್ಲೇ ಹೇಳುತ್ತೇನೆ.

ಆ ಸೈಟಿನ ಮೇಲ್ಮಣ್ಣನ್ನು ಯಾವಾಗಲೋ ಕೆರೆದು ಒಯ್ದಿದ್ದರು. ಉಳಿದದ್ದು ಕೆಂಪು ಗರಸು. ಗೋಡೆಯ ಬುಡದಲ್ಲಿ ನೀರು ಒಸರುತ್ತಿತ್ತು. ಆ ಒಸರಿನ ಅಂಚಿನಲ್ಲಿ ನಾಲ್ಕಾಣೆಯಷ್ಟಗಲದ, ನೆಲಕ್ಕೆ ಅಂಟಿಕೊಂಡ ಕೆಂಪು ಚಕ್ರಗಳಿದ್ದವು. ಮಳೆಹನಿ ಹೊತ್ತ ಯಾವುದೋ ಕಳೆ ಎಂದುಕೊಂಡು ಹುಲ್ಲುಕಡ್ಡಿಯಿಂದ ಮುಟ್ಟಿದೆ. ನೀರಿನ ಹನಿಯಾಗಿದ್ದರೆ ಒಡೆಯಬೇಕಿತ್ತು. ಇದು ಕಡ್ಡಿಯ ಜೊತೆ ಎಳೆಯಾಗಿ ಬಂತು. ಒಂದು ಎಲೆಯ ಮೇಲೆ ನೊರಜು ಅಂಟಿತ್ತು, ಇನ್ನೂ ಕಾಲಾಡಿಸುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಎಣಿಸಿದೆ. ನಾಲ್ಕು.

ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು. ಕೀಟ ತಿನ್ನುವ ಡ್ರಾಸೆರಾ ಗಿಡದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಗಿಡವನ್ನು ನೆಲದಲ್ಲಿ ಕಂಡದ್ದು ಅದು ಎರಡನೆಯ ಸಲ.

ಮೊದಲನೆಯ ಸಲ ಕಂಡಾಗ ನಾನು ವಿದ್ಯಾರ್ಥಿ. ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ನಮ್ಮನ್ನು ಸಾರಕ್ಕಿ ಕೆರೆಯಂಗಳಕ್ಕೆ ಕರೆದುಕೊಂಡು ಬಂದಿದ್ದರು. ಅಲ್ಲಿ ಅವರು ಒಂದು ಡ್ರಾಸೆರಾವನ್ನು ಬೇರುಸಮೇತ ಎತ್ತಿ, ಪೆಲ್ಟೇಟಾ ಎಂದರು. ಅದು ಮಲೆಗಳ ಮೇಲೆ ಬೆಳೆಯುವ ಜಾತಿ. ಬೆಂಗಳೂರಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಇಲ್ಲಿ ಸಿಗುತ್ತಿದ್ದದ್ದು ನೆಲಕ್ಕಂಟುವ ಮಾಮೂಲು ಜಾತಿ. ಎಳೆಯದಿರುವಾಗ ಎರಡೂ ಮೇಲಿನಿಂದ ಒಂದೇ ಥರ ಕಾಣುತ್ತವೆ. ಪೆಲ್ಟೇಟಾ ಬಲಿತ ಮೇಲೆ ಕಾಂಡ ಎತ್ತಿ ಅರ್ಧಚಂದ್ರದಂಥ ಎಲೆ ಬಿಡುತ್ತದೆ, ಮಣ್ಣಿನೊಳಗೆ ಅದಕ್ಕೆ ಒಂದು ಪುಟ್ಟ ಗೆಡ್ಡೆ ಇರುತ್ತದೆ. ಮಾಮೂಲಿಗೆ ಗೆಡ್ಡೆ ಇಲ್ಲ.

ಮೇಷ್ಟ್ರು ಆ ಗಿಡವನ್ನು ಒತ್ತಿ ಒಣಗಿಸಲು ನನ್ನ ಕೈಗೆ ಕೊಟ್ಟರು. ಅಂಟು ಗಿಡವನ್ನು ಎಣ್ಣೆ ಕಾಗದದ ನಡುವೆ ಇಡಬೇಕು. ನಾನು ಉಳಿದ ಗಿಡಗಳಂತೆ ಹಳೆಯ ದಿನಪತ್ರಿಕೆಯಲ್ಲಿಟ್ಟೆ. ವಾರದ ಮೇಲೆ ಬಿಚ್ಚಿದರೆ, ಎಲೆಗಳು ಒಂದು ಶ್ರದ್ಧಾಂಜಲಿ ಜಾಹೀರಾತಿನ ಫೋಟೋಕ್ಕೆ ಅಂಟಿಕೊಂಡಿದ್ದವು. ಬ್ಲೇಡಿನಿಂದ ಬಿಡಿಸಲು ಹೋದೆ. ಎಲೆಯ ಜೊತೆ ಆ ಅಪರಿಚಿತರ ಮುಖವೂ ಎದ್ದು ಬಂತು. ಗೆಡ್ಡೆ ಪುಡಿಯಾಯಿತು. ಎಲ್ಲವನ್ನೂ ಮಡಚಿ ಜೇಬಿಗಿಟ್ಟುಕೊಂಡು ಹೋಗಿ, ಕನಕಪುರ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ಬಿಟ್ಟೆ. ಮೇಷ್ಟ್ರು ಕೇಳಿದಾಗ ಹುಳ ತಿಂದುಬಿಟ್ಟಿತು ಎಂದೆ.

ಗಿಡವನ್ನು ಒಣಗಿಸಿ ಅಂಟಿಸಿದ ಹಾಳೆ ಇಲ್ಲದಿದ್ದರೆ ನಮ್ಮ ಶಾಸ್ತ್ರದಲ್ಲಿ ಗಿಡವೂ ಇಲ್ಲ. ನಗರದ ಸಸ್ಯಗಳ ಪಟ್ಟಿಯಲ್ಲಿ ಮೇಷ್ಟ್ರ ಪೆಲ್ಟೇಟಾದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಅವರು ಬರೆದ ಇನ್ನಾವ ಹೆಸರಿನ ಮುಂದೆಯೂ ಅದಿರಲಿಲ್ಲ. ಆ ಮಂಗಳವಾರ ಅವರಿಗೆ ಎಂಬತ್ನಾಲ್ಕು ವರ್ಷ. ಜಯನಗರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಆ ಚಿಹ್ನೆ ಹೋಗುವುದನ್ನು ನೋಡುವ ಆಸೆ ಅವರಿಗಿತ್ತು, ಅದನ್ನು ಅಳಿಸುವ ಜವಾಬ್ದಾರಿ ನನ್ನದಾಗಿತ್ತು.

ನಾನು ಭೂತಗನ್ನಡಿ ಹಿಡಿದು ಬಗ್ಗಿರುವಾಗ ಬೆನ್ನ ಹಿಂದಿನಿಂದ ಮಾತು ಬಂತು.

"ಏನ್ ಸಾರ್, ಏನ್ ಕಳ್ಕೊಂಡ್ರಿ?"

ಸೈಟಿನ ಯಜಮಾನಿ. ಪಕ್ಕದ ಮೂರಂತಸ್ತಿನ ಮನೆಯೂ ಅವರದೇ. ಹಿಂದೆ ಅಲ್ಲೆಲ್ಲ ಅವರ ರಾಗಿ ಹೊಲವಿತ್ತಂತೆ. ಎಪ್ಪತ್ತು ದಾಟಿದವರು, ಕೈಯಲ್ಲಿ ಕಳೆ ಕೀಳುವ ಕುರ್ಚಿಗೆ.

"ಕಳ್ಕೊಂಡಿಲ್ಲಮ್ಮ. ಈ ಗಿಡ ನೋಡ್ತಿದ್ದೆ."

"ಸೈಟ್ ನೋಡಕ್ಕೆ ಬರೋರು ಟೇಪ್ ತರ್ತಾರೆ. ನೀವೇನ್ ಸಾರ್, ಗಾಜು ತಂದಿದ್ದೀರ?"

ನಾನು ಮೇಷ್ಟ್ರಾಗಿದ್ದೆ, ಇದು ಹುಳ ತಿನ್ನೋ ಗಿಡ ಎಂದೆ. ಅವರು ಬಗ್ಗಿ ನೋಡಿದರು.

"ಇಷ್ಟೇ ಇಷ್ಟು ಇದ್ಕೊಂಡು ಹುಳ ತಿಂತದಾ? ನಮ್ ಮನೆ ಬಾಡಿಗೆ ಹುಡುಗ್ರು ನೋಡಿದ್ರೆ ಸೊಳ್ಳೆಗೆ ಇದನ್ನೇ ತಂದಿಡು ಅಂತಾರೆ, ಬಿಡಿ."

ನಾಲ್ಕರಲ್ಲಿ ಒಂದರ ನಡುವೆ ಮುರಿದ ಕಡ್ಡಿಯ ಮೋಟು ಇತ್ತು. ಅದು ಮಾಮೂಲು ಜಾತಿಯ ಹೂಕಡ್ಡಿಯೂ ಆಗಿರಬಹುದು, ಪೆಲ್ಟೇಟಾದ ಕಾಂಡವೂ ಆಗಿರಬಹುದು. ಎಲೆಯ ಬುಡದಲ್ಲಿ ತೆಳು ಪೊರೆ ಇದ್ದರೆ ಮಾಮೂಲು ಎಂದು ಹೇಳಬಹುದು. ನನಗೆ ಕಂಡದ್ದು ಕೆಸರು ಮೆತ್ತಿದ ಕಂದು ಎಳೆ. ಪೊರೆಯೋ ಒಣಗಿದ ಹಳೆಯ ಎಲೆಯೋ ತಿಳಿಯಲಿಲ್ಲ. ಈಗಲೂ ತಿಳಿಯದು.

ಮಧ್ಯಾಹ್ನ ಜಯನಗರಕ್ಕೆ ಹೋಗಿ, ಫೋನಿನಲ್ಲಿ ತೆಗೆದಿದ್ದ ಫೋಟೋವನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು.

"ಫೋಟೋದಲ್ಲಿ ಮುಖ ಕಾಣತ್ತೆ ಕಣಯ್ಯ, ಕಾಲು ಕಾಣಲ್ಲ. ಎಷ್ಟಿವೆ?"

"ನಾಲ್ಕು, ಸಾರ್."

"ಹತ್ತಕ್ಕಿಂತ ಕಮ್ಮಿ ಇದ್ರೆ ಒಂದೇ ಎತ್ತಬೇಕು. ನೆನಪಿದೆ ತಾನೆ? ಒಂದೇ ಎತ್ತು. ಗೆಡ್ಡೆ ತೋರ್ಸು."

ಬುಧವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಹೋದೆ. ಒಂದು ಗಿಡ ಕಿತ್ಕೊಳ್ಳಲಾ ಎಂದು ಯಜಮಾನಿಯನ್ನು ಕೇಳಿದೆ. "ಎಲ್ಲಾನೂ ಕಿತ್ಕೊಂಡ್ ಹೋಗಿ ಮೇಷ್ಟ್ರೆ, ನಮಗೊಂದ್ ಕೆಲ್ಸ ಉಳೀತದೆ," ಎಂದರು. ಮೋಟಿದ್ದ ಗಿಡವನ್ನು ಆರಿಸಿಕೊಂಡೆ. ಸುತ್ತ ಅಗೆದು ಮಣ್ಣಿನ ಹೆಂಟೆಯನ್ನೇ ಎತ್ತಬೇಕು ಎಂಬುದು ನನಗೆ ಗೊತ್ತಿತ್ತು. ಹಾಗೇ ಮಾಡಿದೆ. ಆದರೆ ಗರಸು ಹಿಡಿದು ನಿಲ್ಲಲಿಲ್ಲ. ಹೆಂಟೆ ಕೈಯಲ್ಲೇ ಎರಡಾಯಿತು. ಗಿಡದಿಂದ ಕೆಳಗೆ ಬಿಳಿಯ ಎಳೆಯೊಂದು ಎರಡು ಬೆರಳಗಲ ಇಳಿದು ಅಲ್ಲಿಗೆ ತುಂಡಾಗಿತ್ತು. ಕೆಳಗಿನ ಮಣ್ಣನ್ನು ಗೋಣಿಯ ಮೇಲೆ ಹರಡಿ ಕೈಯಿಂದ ಹುಡುಕಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಹುಡುಕಿದೆ. ಒಂಬತ್ತರವರೆಗೂ ಹುಡುಕಿದೆ. ಸಿಗಲಿಲ್ಲ.

"ಆ ಮಣ್ಣು ಬಿಡಿ, ತುಳಸಿ ಕುಂಡಕ್ಕೆ ಹಾಕ್ಕೊಳ್ತೀನಿ," ಎಂದರು ಯಜಮಾನಿ. ಬಿಟ್ಟೆ.

ಗಿಡವನ್ನು ಡಬ್ಬಿಯಲ್ಲಿಟ್ಟುಕೊಂಡು ಜಯನಗರಕ್ಕೆ ಹೋದೆ. ಮೇಷ್ಟ್ರು ದಿಂಬಿಗೆ ಒರಗಿ ಕೂತು ಡಬ್ಬಿಯ ಮುಚ್ಚಳ ತಾವೇ ತೆಗೆದರು.

"ಗೆಡ್ಡೆ?"

"ಸಿಗಲಿಲ್ಲ, ಸಾರ್. ಎಳೆ ಮುರೀತು."

ಅವರು ತುಂಡಾದ ಎಳೆಯ ತುದಿಯನ್ನು ಬೆರಳಿನಿಂದ ಎತ್ತಿ ನೋಡಿದರು. ಅದನ್ನು ನೋಡುತ್ತ ನಾನು ಹಳೆಯದನ್ನೂ ಹೇಳಿಬಿಟ್ಟೆ: ಆಗ ಹುಳ ತಿಂದದ್ದಲ್ಲ, ಪೇಪರಿಗೆ ಅಂಟಿಸಿ ಹಾಳು ಮಾಡಿದ್ದು ನಾನು.

"ಹುಳ ಗಿಡ ತಿಂದ್ರೆ ಹಾಳೆ ಉಳಿಯತ್ತೆ, ಹೆಸರಿನ ಚೀಟಿ ಉಳಿಯತ್ತೆ," ಎಂದರು ಮೇಷ್ಟ್ರು. "ನೀನು ಬರಿಗೈಯಲ್ಲಿ ಬಂದು ನಿಂತೆ. ಆವತ್ತೇ ಗೊತ್ತಾಯ್ತು ಕಣಯ್ಯ. ನೀನಾಗಿ ಹೇಳ್ತೀಯ ಅಂತ ಕಾಯ್ತಿದ್ದೆ. ಸ್ವಲ್ಪ ಲೇಟಾಯ್ತು."

ನಕ್ಕರೋ ಕೆಮ್ಮಿದರೋ ಖಚಿತವಾಗಿ ಹೇಳಲಾರೆ.

ನನ್ನ ಚೀಲದಲ್ಲಿ ಎಣ್ಣೆ ಕಾಗದವಿತ್ತು, ಒತ್ತುವ ಹಲಗೆಗಳಿದ್ದವು. ಗೆಡ್ಡೆ ಇಲ್ಲದಿದ್ದರೂ ಆ ದಿನವೇ ಒತ್ತಿದ್ದರೆ ಎಲೆಬುಡದ ಪೊರೆಯ ವಿಷಯವನ್ನಾದರೂ ಸೂಕ್ಷ್ಮದರ್ಶಕದಲ್ಲಿ ತೀರ್ಮಾನಿಸಬಹುದಿತ್ತು. ನಾನು ಕೈಚಾಚಿದೆ. ಅವರು ಡಬ್ಬಿಯನ್ನು ದಿಂಬಿನ ಪಕ್ಕಕ್ಕೆ ಸರಿಸಿಕೊಂಡರು.

"ಎರಡು ದಿನ ಇಲ್ಲಿರ್ಲಿ. ಮತ್ತೆ ನೋಡ್ತೀನೋ ಇಲ್ವೋ."

ಬೇಡ ಸಾರ್, ಕೊಳೆಯುತ್ತದೆ ಎನ್ನಬೇಕಿತ್ತು. ಅನ್ನಲಿಲ್ಲ. ಶನಿವಾರ ಬೆಳಿಗ್ಗೆ ಮೇಷ್ಟ್ರು ಹೋದರು. ಡಬ್ಬಿಯಲ್ಲಿ ಕಪ್ಪು ಲೋಳೆ ಉಳಿದಿತ್ತು. ಅವರ ಮಗಳು ಕೋಣೆ ತೊಳೆಯುವಾಗ ಅದನ್ನೂ ತೊಳೆದರು. ಅವರಿಗೆ ಅದೇನೆಂದು ನಾನು ಹೇಳಿರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಜರಗನಹಳ್ಳಿಗೆ ಹೋದೆ. ಮಳೆ ಹಿಂದೆಗೆದಿತ್ತು, ಒಸರು ಬತ್ತಿತ್ತು. ಉಳಿದ ಮೂರು ಗಿಡಗಳ ಜಾಗದಲ್ಲಿ ಬೋಳು ಗರಸು. ಪೆಲ್ಟೇಟಾ ಆಗಿದ್ದರೆ ಮೇಲೆ ಒಣಗಿ ಗೆಡ್ಡೆಯಾಗಿ ಒಳಗೆ ಅಡಗಿರುತ್ತದೆ; ಮಾಮೂಲು ಜಾತಿಯಾಗಿದ್ದರೆ ಸತ್ತಿರುತ್ತದೆ. ಮೇಲೆ ನಿಂತವನಿಗೆ ಎರಡೂ ಒಂದೇ. ಅಗೆದು ನೋಡಲು ಕೂತೆ. ಮೇಷ್ಟ್ರ ಮಾತು ನೆನಪಾಯಿತು: ಒಂದೇ ಎತ್ತಬೇಕು. ಆ ಒಂದು ಮುಗಿದಿತ್ತು. ಎದ್ದೆ.

ಯಜಮಾನಿ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು. ಮೇಷ್ಟ್ರು ತೀರಿಕೊಂಡದ್ದನ್ನು ಹೇಳಿದೆ, ಮಣ್ಣಿನಲ್ಲಿ ಏನು ಹುಡುಕಿದ್ದೆ ಎಂಬುದನ್ನೂ ಮೊದಲ ಬಾರಿ ಹೇಳಿದೆ.

ಅವರು ಚೊಂಬನ್ನು ಕಟ್ಟೆಯ ಮೇಲಿಟ್ಟರು.

"ಗಡ್ಡೆನಾ? ಒಂದಿತ್ತಲ್ಲ ಸಾರ್."

"ಎಲ್ಲಿ?"

"ಕುಂಡಕ್ಕೆ ಹಾಕೋ ಮಣ್ಣಲ್ಲಿ ಕೊನ್ನಾರಿ ಗಡ್ಡೆ ಇದ್ರೆ ಆರಿಸ್ಬೇಕಲ್ವಾ? ಒಂದ್ ಉಳುದ್ರೂ ಕುಂಡ ಎಲ್ಲಾ ಅದೇ ಆಗ್ತದೆ. ನಮ್ಮತ್ತೆ ಹೊಲದಲ್ಲೇ ಕಲ್ಸಿದ್ದು. ಆರಿಸಿ ಹಂಡೆ ಒಲೆಗೆ ಹಾಕ್ಬಿಟ್ಟೆ."

ಕೊನ್ನಾರಿ ರೈತರನ್ನು ಕಾಡುವ ಕಳೆ. ಅದರ ಗೆಡ್ಡೆ ಕಪ್ಪಗೆ, ಒರಟಾಗಿ, ನಾರು ನಾರಾಗಿರುತ್ತದೆ. ನಾನು ಏನನ್ನೂ ಸೂಚಿಸಬಾರದು ಎಂದು ಎಚ್ಚರ ವಹಿಸಿ ಕೇಳಿದೆ.

"ಹೇಗಿತ್ತು ಅಮ್ಮ?"

"ಅದೇ ನನಗೂ ಅನುಮಾನ ಆಯ್ತು. ಬೆಳ್ಳಗಿತ್ತು, ಸಬ್ಬಕ್ಕಿ ಕಾಳಿನ ಹಂಗೆ. ನುಣ್ಣಗೆ. ತುದೀಲಿ ಒಂದ್ ದಾರ. ಉಗುರಲ್ಲಿ ಒತ್ತಿದ್ರೆ ನೀರು ಬಂತು. ಕೊನ್ನಾರಿ ಹಂಗಿರಲ್ಲ. ಎಳೇದಿರ್ಬೇಕು ಅಂದ್ಕೊಂಡೆ." ನನ್ನ ಮುಖ ನೋಡಿ ಕೇಳಿದರು, "ಬೇಕಾಗಿತ್ತಾ ಮೇಷ್ಟ್ರೆ?"

ಪರವಾಗಿಲ್ಲ ಅಮ್ಮ ಎಂದೆ. ಅವರು ನಂಬಲಿಲ್ಲ. ಒಲೆಯ ಬಳಿಗೆ ಹೋಗಿ ಬೂದಿಯನ್ನು ಕಡ್ಡಿಯಿಂದ ಕೆದಕಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ಇಬ್ಬರಿಗೂ ಗೊತ್ತಿತ್ತು, ಅದರಲ್ಲೇನೂ ಇರುವುದಿಲ್ಲವೆಂದು.

ಈಗ ಆ ಸೈಟಿನಲ್ಲಿ ಅವರ ಮಕ್ಕಳು ಕಟ್ಟಿಸಿದ ಮನೆಗಳಿವೆ. ಹಿಂದಿನ ಮೂಲೆ ಸ್ಕೂಟರ್ ನಿಲ್ಲಿಸುವ ಜಾಗ. ಆ ಕಾಂಕ್ರೀಟಿನ ಕೆಳಗೆ ಮೂರು ಬಿಳಿಯ ಕಾಳುಗಳು ಮಳೆಗೆ ಕಾಯುತ್ತಿರಬಹುದು, ಏನೂ ಇಲ್ಲದೆಯೂ ಇರಬಹುದು. ಪ್ರತಿ ಗಣೇಶನ ಹಬ್ಬದ ನಂತರ ಆ ಬೀದಿಯಲ್ಲಿ ಹೋಗುವಾಗ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ, ಮೆಲ್ಲಗೆ ನಾಲ್ಕರವರೆಗೆ ಎಣಿಸುತ್ತೇನೆ.

ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇದೆ. ಹಾಳೆ ಇಲ್ಲದ್ದರಿಂದ ಸಾಕ್ಷಿಗಳನ್ನು ಬರೆದಿಡುತ್ತಿದ್ದೇನೆ. ಕೆರೆಯಂಗಳದ ಮೊದಲ ಗಿಡವನ್ನು ಗೆಡ್ಡೆಸಮೇತ ಕಂಡವರಲ್ಲಿ ಈಗ ಬದುಕಿರುವವರೆಂದು ನನಗೆ ಗೊತ್ತಿರುವುದು ನಾನೊಬ್ಬನೇ, ಅದನ್ನು ಹಾಳುಮಾಡಿದವನೂ ನಾನೇ. ಎರಡನೆಯದನ್ನು ಕಂಡವರು ಮೂವರು. ಮೇಷ್ಟ್ರು ಇಲ್ಲ. ನಾನು ಎಲೆಯನ್ನು ಕಂಡೆ, ಎಳೆಯನ್ನು ಕಂಡೆ, ಗೆಡ್ಡೆಯನ್ನು ಕಾಣಲಿಲ್ಲ. ಗೆಡ್ಡೆಯನ್ನು ಕಂಡವರು, ಉಗುರಿನಲ್ಲಿ ಒತ್ತಿ ನೋಡಿದವರು, ಜರಗನಹಳ್ಳಿಯ ಆ ಯಜಮಾನಿ. ಮಂಡಿನೋವಿದೆ, ಕಣ್ಣು ಚೆನ್ನಾಗಿದೆ. ಕಳೆದ ಭಾನುವಾರ ಹೋಗಿ ಮತ್ತೆ ಕೇಳಿದೆ. ಸಬ್ಬಕ್ಕಿಯ ಹಂಗೆ ಎಂದೇ ಹೇಳಿದರು. ಅವರು ಇದ್ದಾರೆ.