ನಡುನೀರಿನಲ್ಲಿ ಪ್ರಾರ್ಥನೆ

ಓಲ್ಶಿನಾದ ಜನ ವಾರ್ತಾ ನದಿ ದಾಟಬೇಕಾದರೆ ಪೆಟ್ರೋನೆಲಾಳ ದೋಣಿಯೇ ಗತಿ. ಗಂಡ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಕಮ್ಮಾರನಂಥ ತೋಳು, ಅದಕ್ಕಿಂತ ಗಟ್ಟಿ ನಾಲಗೆ. ಅವಳೊಡನೆ ಮಾತಿಗಿಳಿಯುವ ಮುನ್ನ ಗಂಡಸರೂ ಒಮ್ಮೆ ಉಗುಳು ನುಂಗುತ್ತಿದ್ದರು. ಮೊದಲಿನಿಂದ ಅವಳು ಹಾಗಿರಲಿಲ್ಲ.

ಪೋಲಿಷ್ ಜನರ ಆ ನಾಡಿನಲ್ಲಿ ಆಗ ಜರ್ಮನ್ ಚಕ್ರವರ್ತಿ ಕೈಸರನ ಆಳ್ವಿಕೆ. ಕಚೇರಿಯ ಮಾತು ಜರ್ಮನ್, ಅಂಗಡಿಯ ಫಲಕ ಜರ್ಮನ್. ಊರಿಗೂ ಯಾರ ಬಾಯಿಗೂ ಹೊಂದದ ಒಂದು ಜರ್ಮನ್ ಹೆಸರು ಕಟ್ಟಿದ್ದರು. ಜನ ಹಲ್ಲು ಕಚ್ಚಿ ಸಹಿಸಿಕೊಂಡರು. ಪೋಲಿಷ್ ಉಳಿದಿದ್ದದ್ದು ಒಲೆಯ ಮುಂದೆ ಮತ್ತು ದೇವರ ಮುಂದೆ. ಒಂದು ವಸಂತದಲ್ಲಿ, ಶಾಲೆಯ ಮಕ್ಕಳು ದೇವರನ್ನೂ ಜರ್ಮನ್‌ನಲ್ಲೇ ಕರೆಯಬೇಕೆಂಬ ಆಜ್ಞೆ ಬಂತು.

ಪೆಟ್ರೋನೆಲಾಳ ಮಗಳು ಬ್ರಿಗಿದಾ ಎದ್ದು ನಿಂತು ಕೈಮುಗಿದು ಪೋಲಿಷ್‌ನಲ್ಲೇ ಪ್ರಾರ್ಥನೆ ಶುರುಮಾಡಿದಳು. ಮೇಷ್ಟ್ರು ಗ್ರಾಬ್ಕೆ ಕೈ ಚಾಚಲು ಹೇಳಿ ಬೆತ್ತದಿಂದ ಬಾರಿಸಿದ. ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಅವನೂ ಮೊದಲಿನಿಂದ ಶುರುಮಾಡಿದ. ಮಧ್ಯಾಹ್ನ ಅವಳು ಮನೆಗೆ ಬಂದಾಗ ಬಲಗೈ ಊದಿ, ಎರಡು ಬೆರಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

ಪೆಟ್ರೋನೆಲಾ ಹುಟ್ಟನ್ನು ಹೆಗಲಿಗೇರಿಸಿಕೊಂಡು ಶಾಲೆಗೆ ನಡೆದಳು. ಹಿಂದೆ ಹೆಂಗಸರ ಹಿಂಡು. "ಬಾರೋ ಹೊರಗೆ, ಮಕ್ಕಳ ಕೈ ಮುರಿಯೋ ಗಂಡಸೇ!" ಎಂದು ಕೂಗಿ ಬಾಗಿಲಿಗೆ ಹುಟ್ಟಿನಿಂದ ಗುದ್ದಿದಳು. ಗ್ರಾಬ್ಕೆ ಒಳಗಿನಿಂದ ಚಿಲಕ ಹಾಕಿಕೊಂಡ. ಬಂದವರು ಪೊಲೀಸರು.

ಕೋರ್ಟಿನಲ್ಲಿ ಅವಳ ಪರವಾಗಿ ಅವಳೇ ಪೋಲಿಷ್‌ನಲ್ಲಿ ಹೇಳಿದ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಚಳಿಗಾಲ ಪೂರ್ತಿ ಜೈಲಿನಲ್ಲಿ ಕಳೆದಳು. ಬ್ರಿಗಿದಾಳನ್ನು ನೆರೆಮನೆಯ ಮುದುಕಿ ನೋಡಿಕೊಂಡಳು. ಅನ್ನಕ್ಕೆ ಕೊರತೆ ಮಾಡಲಿಲ್ಲ, ಆದರೆ ಮುರಿದ ಬೆರಳು ಕೂಡಿಸಿ ಕಟ್ಟಲು ಮುದುಕಿಗೆ ಬರುತ್ತಿರಲಿಲ್ಲ. ತಾಯಿ ಬಿಡುಗಡೆಯಾಗಿ ಬಂದಾಗ ಆ ಎರಡು ಬೆರಳು ಒಣಗಿದ ಬೇರಿನಂತೆ ಒಳಕ್ಕೆ ಮಡಚಿಕೊಂಡಿದ್ದವು.

"ನೋಯುತ್ತಾ?"

"ಇಲ್ಲವ್ವ. ಸೂಜಿ ಹಿಡಿಯಕ್ಕೆ ಆಗಲ್ಲ, ಅಷ್ಟೇ."

ಆ 'ಅಷ್ಟೇ' ಪೆಟ್ರೋನೆಲಾಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಗ್ರಾಬ್ಕೆ ತಿಂಗಳಿಗೊಮ್ಮೆ ಪೇಟೆಗೆ ಹೋಗಲು ದೋಣಿ ಹತ್ತುತ್ತಿದ್ದ. ಜರ್ಮನ್‌ನಲ್ಲಿ ಅಪ್ಪಣೆ ಕೊಡುತ್ತಿದ್ದ. ಅವಳು ಕಿವುಡಿಯಂತೆ ಹುಟ್ಟು ಹಾಕುತ್ತಿದ್ದಳು. ಹತ್ತಿಸಿಕೊಳ್ಳದಿದ್ದರೆ ಸರ್ಕಾರ ದೋಣಿಯನ್ನೇ ಕಿತ್ತುಕೊಳ್ಳುತ್ತಿತ್ತು. ಅವನ ಬೆನ್ನು ನೋಡುತ್ತಾ, ಎಲ್ಲಿ ನೀರು ಆಳ, ಎಲ್ಲಿ ಸುಳಿ ಎಂದು ಲೆಕ್ಕ ಹಾಕುತ್ತಿದ್ದಳು.

"ಯಾಕೆ ಪೆಟ್ರೋನೆಲಾ, ಮೇಷ್ಟ್ರನ್ನ ಹೂವಿನ ಥರ ದಾಟಿಸ್ತೀಯಲ್ಲ?" ಎಂದು ಊರ ಕಮ್ಮಾರ ಕೆಣಕಿದರೆ, "ಹಂದೀನ ಹಬ್ಬದವರೆಗೂ ಜೋಪಾನ ಮಾಡ್ಬೇಕಪ್ಪ," ಎನ್ನುತ್ತಿದ್ದಳು.

ಹಬ್ಬ ಬರಲು ಒಂದು ಮಹಾಯುದ್ಧವೇ ಮುಗಿಯಬೇಕಾಯಿತು. ಕೈಸರ್ ಓಡಿಹೋದ. ಊರಿಗೆ ಹಳೆಯ ಹೆಸರು ಮರಳಿತು, ಶಾಲೆಗೆ ಪೋಲಿಷ್ ಬಂತು. ಜರ್ಮನಿಗೆ ಹೋಗಬಯಸಿದವರು ಗಂಟುಮೂಟೆ ಕಟ್ಟಿದರು. ಒಂದು ಬೆಳಿಗ್ಗೆ ಗ್ರಾಬ್ಕೆ ಪೆಟ್ಟಿಗೆ, ಪಿಟೀಲಿನೊಂದಿಗೆ ದಡಕ್ಕೆ ಬಂದ. ಕೂದಲು ನೆರೆತಿತ್ತು, ಬೆನ್ನು ಮಾತ್ರ ಇನ್ನೂ ನೆಟ್ಟಗಿತ್ತು. ಆಚೆ ದಡದಲ್ಲಿ ರೈಲಿತ್ತು.

ಅವಳು ಅವನನ್ನು ಹತ್ತಿಸಿಕೊಂಡಳು. ನಡುನೀರಿಗೆ ಬಂದಾಗ ಕಲ್ಲಿನ ಲಂಗರು ಇಳಿಬಿಟ್ಟು ಎದ್ದು ನಿಂತಳು.

"ಈಗ ಪ್ರಾರ್ಥನೆ ಹೇಳಿ ಮೇಷ್ಟ್ರೇ. ನಮ್ಮ ಮಾತಲ್ಲಿ."

ಅವನು ಜರ್ಮನ್‌ನಲ್ಲಿ ಏನೋ ಗದರಿದ. ಅವಳು ಪೆಟ್ಟಿಗೆ ತೆರೆದು ಅವನ ಪುಸ್ತಕಗಳನ್ನು ಒಂದೊಂದಾಗಿ ನೀರಿಗೆ ಹಾಕಿದಳು. ಆಮೇಲೆ ಕೈಸರನ ಪಟ. ಆಮೇಲೆ ಪಿಟೀಲು, ಅದು ಒಂದಿಷ್ಟು ದೂರ ತೇಲಿ ಓರೆಯಾಗಿ ಮುಳುಗಿತು. ಗ್ರಾಬ್ಕೆ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಕೂತ. ಪೆಟ್ಟಿಗೆಯ ತಳದಲ್ಲಿ ಒಂದು ಹಳೆಯ ಫೋಟೋ ಇತ್ತು: ಹಳ್ಳಿಯವರ ಹಾಗೆ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಮುದುಕಿ. ಪೆಟ್ರೋನೆಲಾ ಅದನ್ನೆತ್ತಿ ನೀರಿನ ಮೇಲೆ ಹಿಡಿದದ್ದೇ ತಡ,

"ಬ್ಯಾಡ! ತಾಯಿ, ಬ್ಯಾಡ! ಅವಳು ನಮ್ಮವ್ವ!"

ಅಪ್ಪಟ ಪೋಲಿಷ್. ಹೊಲದಲ್ಲಿ ದನ ಮೇಯಿಸುವವರ ಪೋಲಿಷ್.

ಪೆಟ್ರೋನೆಲಾಳ ಕೈ ಗಾಳಿಯಲ್ಲೇ ನಿಂತಿತು. "ನೀನು... ನಮ್ಮೋನಾ?"

ಗ್ರಾಬ್ಕೆ ಮುಖ ಮುಚ್ಚಿಕೊಂಡ. ಅಪ್ಪನ ಹೆಸರು ಗ್ರಾಬೆಕ್. ಕೆಲಸ ಸಿಗಲೆಂದು ತಾನೇ ಅದನ್ನು ಜರ್ಮನ್ ಹೆಸರಿನಂತೆ ಗ್ರಾಬ್ಕೆ ಮಾಡಿಕೊಂಡಿದ್ದ. ಅವ್ವನಿಗೆ ಸಾಯುವವರೆಗೂ ಜರ್ಮನ್ ಬರಲಿಲ್ಲ. ಇಷ್ಟನ್ನು ಅವನು ಬಿಕ್ಕುತ್ತಾ ಹೇಳಿದ.

ಅವಳಿಗೆ ಕನಿಕರ ಬರಬಹುದಿತ್ತು. ಬಂದದ್ದು ಬೆಂಕಿ. ಪರಕೀಯನಾದರೆ ಹೋಗಲಿ, ಕೈಸರನ ನಾಯಿ ಕೈಸರನಿಗಾಗಿ ಕಚ್ಚಿತು ಎಂದುಕೊಳ್ಳಬಹುದಿತ್ತು. ಇವನು ತನ್ನ ಅವ್ವ ಕಲಿಸಿದ ಪ್ರಾರ್ಥನೆಗೇ ಬೆತ್ತ ಬೀಸಿದ್ದ.

ಫೋಟೋವನ್ನು ಅವನ ಮಡಿಲಿಗೆ ಎಸೆದು ಲಂಗರು ಎತ್ತಿದಳು. ದೋಣಿ ಆಚೆ ದಡಕ್ಕೆ ಹೋಗಲಿಲ್ಲ, ಓಲ್ಶಿನಾಗೇ ತಿರುಗಿತು.

ದಡದಲ್ಲಿ ಸಂತೆಗೆ ಹೊರಟವರು ಕಾದಿದ್ದರು. ಬ್ರಿಗಿದಾ ಒಗೆದ ಬಟ್ಟೆ ಹಿಂಡುತ್ತಿದ್ದಳು. ಪೆಟ್ರೋನೆಲಾ ಅವನ ಕೋಟಿನ ಕತ್ತುಪಟ್ಟಿ ಹಿಡಿದು ಮಗಳ ಮುಂದೆ ಮಂಡಿಯೂರಿಸಿದಳು.

"ಹೇಳು. ಆಮೆನ್‌ವರೆಗೂ ಹೇಳು."

ಅವನು ಹೇಳಿದ. ಒಂದೂ ಮಾತು ತಪ್ಪಲಿಲ್ಲ.

"ಈಗ ಕೈಗೆ ಮುತ್ತಿಡು. ದೊಡ್ಡ ಮನೆ ಹೆಂಗಸರ ಕೈಗೆ ಇಡ್ತೀರಲ್ಲ, ಹಂಗೆ."

ಗ್ರಾಬ್ಕೆ ಆ ಮಡಚಿದ ಬೆರಳುಗಳಿಗೆ ತುಟಿ ತಾಗಿಸಿದ. ಬ್ರಿಗಿದಾ ಕೈಯನ್ನು ಎಳೆದುಕೊಳ್ಳಲಿಲ್ಲ. ಅವನ ನೆತ್ತಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು: "ನಾನೇನ್ ಹೇಳ್ತಿದ್ದೆ ಅಂತ ಆವತ್ತು ಒಂದೊಂದ್ ಮಾತೂ ನಿಮಗೆ ಅರ್ಥ ಆಗ್ತಿತ್ತು, ಅಲ್ವಾ ಮೇಷ್ಟ್ರೇ?"

ಕಮ್ಮಾರ ನೆಲಕ್ಕೆ ಉಗಿದ. ಬ್ರಿಗಿದಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಟ್ಟೆ ಹಿಂಡಲು ಹೋದಳು. ಆಮೇಲೆ ಪೆಟ್ರೋನೆಲಾ ಅವನನ್ನು ದಾಟಿಸಿದಳು. ಅಷ್ಟರಲ್ಲಿ ರೈಲು ಹೋಗಿತ್ತು. ಅವನು ಖಾಲಿ ಪೆಟ್ಟಿಗೆಯ ಮೇಲೆ ಫೋಟೋ ಹಿಡಿದು ಸಂಜೆಯವರೆಗೂ ಕೂತಿದ್ದ. ಈಚೆ ದಡದಲ್ಲಿ ಅವಳು ಉಪ್ಪುನೀರಲ್ಲಿ ಹುಳಿಬರಿಸಿದ ಸೌತೆಕಾಯಿ ಕಡಿಯುತ್ತಾ, ಅವನು ಮುಂದಿನ ರೈಲು ಹತ್ತುವವರೆಗೂ ನೋಡುತ್ತಿದ್ದಳು. ಅಷ್ಟು ರುಚಿಯಾದ ಊಟ ಬದುಕಿನಲ್ಲಿ ಉಂಡಿರಲಿಲ್ಲವೆಂದು ಮುಂದೆಯೂ ಹೇಳುತ್ತಿದ್ದಳು.

ಈಸ್ಟರ್‌ಗೆ ಮುಂಚೆ ಪಾಪನಿವೇದನೆಗೆ ಹೋದಾಗ ಎಲ್ಲವನ್ನೂ ಒಪ್ಪಿಸಿದಳು. ಪಾದ್ರಿ ಕೇಳಿದರು: "ಪಶ್ಚಾತ್ತಾಪ ಇದೆಯೇನಮ್ಮ?"

"ಇಲ್ಲ ಸ್ವಾಮಿ."

"ಹಾಗಾದ್ರೆ ಕ್ಷಮೆ ಇಲ್ಲ."

"ಸರಿ, ಬರೋ ವರ್ಷ ಬರ್ತೀನಿ."

ಬರುವ ವರ್ಷವೂ ಅದೇ ಮಾತು, ಅದರ ಮರುವರ್ಷವೂ ಅದೇ. ಕೊನೆಗೆ ಪಾದ್ರಿಯೇ ಸೋತು, "ಆ ದಿನದ್ದು ಯಾವುದಾದರೂ ಒಂದಕ್ಕಾದ್ರೂ ಮನಸ್ಸು ನೊಂದಿಲ್ವಾ ನಿಂಗೆ?" ಎಂದರು.

ಪೆಟ್ರೋನೆಲಾ ತಲೆವಸ್ತ್ರದ ಗಂಟು ಬಿಗಿಮಾಡಿಕೊಂಡಳು.

"ಪಿಟೀಲು ಎಸೀಬಾರದಿತ್ತು ಸ್ವಾಮಿ. ಪಾಪ, ಅದು ಯಾವ ಭಾಷೇನೂ ಆಡ್ತಿರ್ಲಿಲ್ಲ."

ಪಾದ್ರಿ ನಿಟ್ಟುಸಿರುಬಿಟ್ಟು, ಆ ಒಂದಕ್ಕೆ ಮಾತ್ರ ಕ್ಷಮೆ ಕೊಟ್ಟರು. ಮಿಕ್ಕದ್ದನ್ನು ಅವಳು ತನ್ನ ಬಳಿಯೇ ಇಟ್ಟುಕೊಂಡು, ತಲೆಯೆತ್ತಿ ಚರ್ಚಿನಿಂದ ಹೊರಗೆ ಬಂದಳು.